ಗಾಡಿ ಬಂದ್ ಬೀಳುತ್ತಿದೆ, ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ: ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವುದು ಸುಮಾರು 20 ಕಿಲೋಮೀಟರ್ ದಾರಿ. ಅಷ್ಟರಲ್ಲೇ ಗಾಡಿ ಎರಡು ಸಲ ಬಂದ್ ಬಿದ್ದು, ಎದುರಿಗೆ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಾ ಕೂತರೆ ಯಾರಿಗಾದರೂ ತಲೆಬಿಸಿ. ಗ್ಯಾರೇಜಿಗೆ ಹೋದರೆ ‘ಸೆನ್ಸರ್ ಹೋಗೇತ್ರಿ’ ಅನ್ನುವ ಉತ್ತರ ಸಿಗುತ್ತದೆ. ಯಾವ ಸೆನ್ಸರ್, ಅದೇ ಹೋಗಿದೆ ಅಂತ ಹೇಗೆ ಗೊತ್ತಾಯಿತು ಎಂದು ಕೇಳುವಷ್ಟು ತಿಳಿವಳಿಕೆ ನಮಗಿರುವುದಿಲ್ಲ. ದುಡ್ಡು ಕೊಟ್ಟು ಬರುತ್ತೇವೆ. ವಾರ ಕಳೆದ ಮೇಲೆ ಉಣಕಲ್ ಹತ್ತಿರ ಮತ್ತೆ ಅದೇ ಕಥೆ.

ಈ ತಾಪತ್ರಯ ಈಗ ಜಾಸ್ತಿ ಜನರಿಗೆ ಎದುರಾಗುತ್ತಿರುವುದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿಗಳನ್ನೇ, ಅಂದರೆ ಹೊಗೆಯ ಮಿತಿ ಬಿಗಿಯಾದ ಗಾಡಿಗಳನ್ನೇ, ಮಾರಬೇಕು ಎಂಬ ನಿಯಮ ಬಂತು. ಕಾರಿನಲ್ಲಿ ಮೊದಲೇ ಇದ್ದ ಕಂಪ್ಯೂಟರ್ ಈಗ ಬೈಕು, ಸ್ಕೂಟರ್‌ಗಳಿಗೂ ಬಂದು ಕೂತಿತು. ಆಗ ಕೊಂಡ ಗಾಡಿಗಳ ವಾರಂಟಿ ಬಹುತೇಕ ಮುಗಿದಿದೆ. ಶೋರೂಮ್ ಬಿಟ್ಟು ಊರೊಳಗಿನ ಗ್ಯಾರೇಜುಗಳಿಗೆ ಅವು ಬರುತ್ತಿವೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟದ್ದನ್ನು ಓದುವ ಸ್ಕ್ಯಾನರ್ ಎಷ್ಟೋ ಗ್ಯಾರೇಜುಗಳಲ್ಲಿ ಇದೆ. ಅದು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಪುರಸೊತ್ತು ಎಲ್ಲರಿಗೂ ಇಲ್ಲ.

ಮೊದಲು ಗಾಡಿ ಬದಿಗೆ

ಕಾರಣ ಆಮೇಲೆ ಹುಡುಕೋಣ. ಓಡುವಾಗಲೇ ಎಂಜಿನ್ ನಿಂತರೆ ಸ್ಟೀರಿಂಗ್ ಒಮ್ಮೆಲೇ ಭಾರ ಆಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಒಂದೆರಡು ಸಲ ಮಾಮೂಲಿನಂತೆ ಹಿಡಿಯುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಹಾಗಾಗಿ ಬ್ರೇಕನ್ನು ಪದೇಪದೇ ಒತ್ತಿ ಬಿಡಬೇಡಿ. ಒಂದೇ ಸಲ ಒತ್ತಿ ಹಿಡಿಯಿರಿ. ಕೀ ಪೂರ್ತಿ ತಿರುಗಿಸಿ ಹೊರಗೆ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಬೈಪಾಸ್ ಮೇಲಾದರೆ ಗಾಡಿಯೊಳಗೆ ಕೂತು ಫೋನ್ ಮಾಡುತ್ತಾ ಇರಬೇಡಿ, ಇಳಿದು ರಸ್ತೆಯಿಂದ ದೂರ ನಿಲ್ಲಿ.

ಇನ್ನೊಂದು ಮಾತು ಮಳೆಗಾಲಕ್ಕೆ. ರೈಲ್ವೆ ಅಂಡರ್‌ಪಾಸಿನಂಥ ಜಾಗದಲ್ಲಿ ನಿಂತ ನೀರಿಗೆ ಇಳಿಸಿ ಗಾಡಿ ಬಂದ್ ಬಿದ್ದರೆ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರಗೆ ತಂದು, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಳಗೆ ಒದ್ದೆಯಾಗಿದೆಯಾ ನೋಡಿಸಿದ ಮೇಲೆಯೇ ಮುಂದಿನ ಮಾತು.

ಆ ದೀಪ ಯಾವಾಗ ಉರಿಯಿತು?

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಉರಿಯಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಇದು ಮಾಮೂಲು ಕ್ರಮ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೀ ಆನ್ ಮಾಡಿದರೂ ಈ ದೀಪ ಉರಿಯದೇ ಇದ್ದರೆ ಖುಷಿ ಪಡಬೇಡಿ. ಯಾರೋ ದೀಪವನ್ನೇ ಬಂದ್ ಮಾಡಿರಬಹುದು.

ಇಲ್ಲೇ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಎಂಜಿನ್ ನಿಂತು ಕೀ ಮಾತ್ರ ಆನ್ ಇದ್ದಾಗ ಚೆಕ್ ಎಂಜಿನ್, ಆಯಿಲ್, ಬ್ಯಾಟರಿ ಎಲ್ಲ ದೀಪಗಳೂ ಉರಿಯುತ್ತವೆ. ಎಂಜಿನ್ ತಿರುಗುತ್ತಿಲ್ಲ ಅಂದಮೇಲೆ ಅವು ಉರಿಯಲೇಬೇಕು, ಅಲ್ವಾ? ಬಂದ್ ಬಿದ್ದ ಮೇಲೆ ಉರಿದ ದೀಪಕ್ಕೆ ಅರ್ಥವಿಲ್ಲ. ಬಂದ್ ಬೀಳುವ ಮುಂಚೆಯೇ ಉರಿಯುತ್ತಿತ್ತಾ, ಮತ್ತೆ ಸ್ಟಾರ್ಟ್ ಮಾಡಿದ ಮೇಲೂ ಉಳಿಯಿತಾ ಅನ್ನುವುದನ್ನು ನೋಡಬೇಕು.

ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತನಕ ಒಯ್ಯಬಹುದು. ಮಿನುಗುತ್ತಿದ್ದರೆ ಬೇರೆ ಲೆಕ್ಕ. ಪೆಟ್ರೋಲ್ ಕಾರಿನಲ್ಲಿ ದೀಪ ಮಿನುಗಿದರೆ ಸಾಮಾನ್ಯವಾಗಿ ಯಾವುದೋ ಸಿಲಿಂಡರ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತದೆ, ಕನ್ವರ್ಟರ್ ಕರಗಿ ಹಾಳಾಗುತ್ತದೆ. ಅದರ ಬೆಲೆ ಕೇಳಿದವರು ಯಾರೂ ಮಿನುಗುವ ದೀಪ ಇಟ್ಟುಕೊಂಡು ಗಾಡಿ ಓಡಿಸುವುದಿಲ್ಲ.

ಎಂಜಿನ್ ನಿಲ್ಲುವುದು ಯಾಕೆ?

ಪೆಟ್ರೋಲ್ ಎಂಜಿನ್ನಿಗೆ ಮೂರು ಬೇಕು: ಗಾಳಿ, ಪೆಟ್ರೋಲ್, ಕಿಡಿ. ಶುದ್ಧ ಪೆಟ್ರೋಲಾದರೆ ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್ ಬೆರೆತಿದ್ದರೆ ಗಾಳಿ ಸ್ವಲ್ಪ ಕಮ್ಮಿ ಸಾಕು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒತ್ತಡದಿಂದಲೇ ಹೊತ್ತಿಕೊಳ್ಳುತ್ತದೆ.

ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವ ಕ್ಷಣಕ್ಕೆ ಹೊಡೆಯಬೇಕು ಅನ್ನುವುದನ್ನು ಇಸಿಎಂ ಅನ್ನುವ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅದಕ್ಕೆ ಕಣ್ಣಿಲ್ಲ, ಸೆನ್ಸರ್‌ಗಳು ಕಳಿಸುವ ವೋಲ್ಟೇಜ್ ನಂಬಿಕೊಂಡೇ ಕೆಲಸ. ಬರಬೇಕಾದ ಸಿಗ್ನಲ್ ಬರದಿದ್ದರೆ, ಅಥವಾ ಒಂದಕ್ಕೊಂದು ತಾಳೆಯಾಗದಿದ್ದರೆ ಅದೊಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತದೆ. ಎಷ್ಟೋ ತಪ್ಪುಗಳಿಗೆ ಮೊದಲ ಸಲಕ್ಕೇ ದೀಪ ಉರಿಯುವುದಿಲ್ಲ. ಎರಡು ಓಡಾಟಗಳಲ್ಲಿ ಒಂದರ ಹಿಂದೆ ಒಂದು ಅದೇ ತಪ್ಪು ಕಂಡರೆ ಮಾತ್ರ ಹಚ್ಚುತ್ತದೆ. ಒಂದು ಸಲ ಬಂದ್ ಬಿದ್ದರೂ ದೀಪ ಬರಲಿಲ್ಲ ಅನ್ನುವವರಿಗೆ ಉತ್ತರ ಇದು.

ಯಾವಾಗ ಬಂದ್ ಬೀಳುತ್ತದೆ ಅನ್ನುವುದರಲ್ಲಿ ಅರ್ಧ ಉತ್ತರ ಇದೆ

ನನ್ನ ಪ್ರಕಾರ ಸ್ಕ್ಯಾನರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗೋಕುಲ ರಸ್ತೆ ಕಡೆಯ ಗ್ಯಾರೇಜಿನಲ್ಲಿ ಒಬ್ಬ ಒಳ್ಳೆ ಮಿಸ್ತ್ರಿ ಇದ್ದಾನೆ ಅಂದುಕೊಳ್ಳಿ. ವಯಸ್ಸಾದ ಗಿರಾಕಿಯನ್ನು ಅವನು ಹೀಗೆ ವಿಚಾರಿಸುತ್ತಾನೆ:

‘ಕಾಕಾರ, ತಣ್ಣಗಿದ್ದಾಗ ಬಂದ್ ಬೀಳ್ತದೋ, ಕಾದ ಮ್ಯಾಲೋ?’

‘ಮನಿಯಿಂದ ಹೊಂಡೂಮುಂದ ಏನೂ ಇಲ್ಲಪಾ. ನವನಗರ ದಾಟಿದ ಮ್ಯಾಲ ಬೀಳ್ತದ.’

‘ಮತ್ತ ಚಾಲೂ ಆಗೂದ ಎಷ್ಟೊತ್ತಿಗೆ?’

‘ಒಂದು ಚಾ ಕುಡಿಯೂದ್ರಾಗ ಆಗ್ತದ.’

‘ಬಂದ್ ಬೀಳೂಮುಂದ ಆರ್‌ಪಿಎಂ ಮುಳ್ಳ ಹೆಂಗ ಇಳೀತರೀ? ಸಾವಕಾಶೋ, ಒಮ್ಮೆಲೇ ಸೊನ್ನೆಗೆ ಬಂತೋ?’

‘ಅದನ್ಯಾರ ನೋಡ್ತಾರೋ ತಮ್ಮಾ, ಹಿಂದ ಟಿಪ್ಪರ್ ಬರಾಕತ್ತಿತ್ತು!’

ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಬಿಸಿಯಾದ ಮೇಲೆ ಬಂದ್ ಬಿದ್ದು, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೊದಲು ಅನುಮಾನ ಬರುವುದು ಕ್ರ್ಯಾಂಕ್ ಸೆನ್ಸರ್ ಮೇಲೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಈಗ ಯಾವ ಜಾಗದಲ್ಲಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಹೇಳುವುದು ಅದೇ. ಒಳಗಿನ ಸುರುಳಿ ಅಥವಾ ಚಿಪ್ ಹಳೆಯದಾದರೆ ಬಿಸಿಗೆ ಸಿಗ್ನಲ್ ಕಡಿದುಹೋಗುತ್ತದೆ. ಸಿಗ್ನಲ್ ಇಲ್ಲ ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಎಂಜಿನ್ ತಿರುಗುತ್ತಲೇ ಇಲ್ಲ. ಕಿಡಿ, ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ. ಆರ್‌ಪಿಎಂ ಮುಳ್ಳಿಗೂ ಸುದ್ದಿ ಹೋಗುವುದು ಇದೇ ಸೆನ್ಸರಿನಿಂದ. ಗಾಡಿ ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಪೆಟ್ರೋಲ್ ಸಾಲದೆ ನಿಂತ ಎಂಜಿನ್ನಿನಲ್ಲಿ ಮುಳ್ಳು ಗಾಡಿಯ ಜೊತೆಗೇ ನಿಧಾನಕ್ಕೆ ಇಳಿಯುತ್ತದೆ. ಮಿಸ್ತ್ರಿಗಳು ಬಂದ್ ಬಿದ್ದ ಗಾಡಿಯ ಸೆನ್ಸರ್ ಮೇಲೆ ತಣ್ಣೀರು ಹಾಕಿ ಆರಿಸಿ, ಕೂಡಲೇ ಸ್ಟಾರ್ಟ್ ಆಗುತ್ತದಾ ಅಂತ ನೋಡುವುದೂ ಇದಕ್ಕೇ.

ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದ ಕೂಡಲೇ ಬಂದ್ ಬೀಳುವುದು ಬೇರೆಯದೇ ಕಥೆ. ಓಡುವಾಗ ಸರಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸರಿ, ಬಿಟ್ಟರೆ ಎಂಜಿನ್ ಉಸಿರು ಕಟ್ಟುತ್ತದೆ. ಎಸಿ ಹಾಕಿದ್ದರಂತೂ ಗ್ಯಾರಂಟಿ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ತಿರುಗುವಾಗ, 700ರಿಂದ 900 ಆರ್‌ಪಿಎಂ ಆಸುಪಾಸಿನಲ್ಲಿ, ಗಾಳಿ ಹೋಗುವುದು ಎಂಜಿನ್ನಿನ ಗಾಳಿ ಬಾಗಿಲಾದ ಥ್ರಾಟಲ್ ಬಾಡಿಯ ಕೂದಲೆಳೆಯಷ್ಟು ಸಂದಿಯಲ್ಲಿ. ಅಲ್ಲಿ ಕಾರ್ಬನ್ ಹಿಡಿದರೆ ಗಾಳಿ ಸಾಲುವುದಿಲ್ಲ. ಗಾಳಿ ಪೈಪು ಎಲ್ಲೋ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಹೊಗೆಯನ್ನು ತಿರುಗಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡರೂ ಇದೇ ಲಕ್ಷಣ. ಥ್ರಾಟಲ್ ಬಾಡಿ ತೊಳೆಸುವುದು ದೊಡ್ಡ ಖರ್ಚಲ್ಲ, ಆದರೆ ತೊಳೆದ ಮೇಲೆ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಚ್ಚಿ ಐಡ್ಲಿಂಗ್ ಮತ್ತೆ ಕಲಿಸಬೇಕಾಗುತ್ತದೆ. ಅದನ್ನು ಮಾಡದೆ ಕಳಿಸಿದರೆ ‘ತೊಳೆದ ಮೇಲೇ ಕೆಟ್ಟಿತು’ ಅನ್ನುವ ತಕರಾರು ಶುರುವಾಗುತ್ತದೆ.

ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ, ಲೋಡ್ ತುಂಬಿದಾಗ ಎಳೆಯಲಾರದೆ ನಿಂತರೆ ಇಂಧನದ ದಾರಿ ನೋಡಬೇಕು: ಫಿಲ್ಟರ್, ಪಂಪ್, ಡೀಸೆಲ್ ಆದರೆ ಫಿಲ್ಟರಿನಲ್ಲಿ ಕೂತ ನೀರು. ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತೊಯ್ಯುವ ಪಿಕಪ್ ಗಾಡಿ ಖಾಲಿ ಬರುವಾಗ ಚೆನ್ನಾಗಿ ಬಂದು, ಲೋಡ್ ಹಾಕಿದಾಗ ಮಾತ್ರ ಸತಾಯಿಸಿದರೆ ಡ್ರೈವರನ ತಪ್ಪು ಹುಡುಕಬೇಡಿ, ಫಿಲ್ಟರ್ ಬಿಚ್ಚಿ ನೋಡಿ. ಕಾರಿನ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸೋಲುವುದು ಅದಕ್ಕೇ.

ಪೆಟ್ರೋಲ್ ಹಾಕಿಸಿ ಒಂದೆರಡು ಕಿಲೋಮೀಟರಿಗೇ ಬಂದ್ ಬಿದ್ದರೆ ನೀರಿನ ಅನುಮಾನ ಪಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹಿಡಿದಿಡುತ್ತದೆ. ಮಿತಿ ಮೀರಿದರೆ ನೀರು-ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಪಾರದರ್ಶಕ ಬಾಟಲಿಗೆ ಸ್ವಲ್ಪ ತೆಗೆಸಿ ಹತ್ತು ನಿಮಿಷ ಇಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತದೆ. ಬಿಲ್ ಇಟ್ಟುಕೊಂಡಿರಿ, ಆಮೇಲೆ ಕೇಳಲು ಬೇಕು.

ಮಳೆಯಲ್ಲಿ ಮಾತ್ರ, ಇಲ್ಲವೇ ಗುಂಡಿಗೆ ಬಿದ್ದಾಗ ಮಾತ್ರ ಬಂದ್ ಬೀಳುವ ಗಾಡಿಗೆ ವೈರಿಂಗ್ ಕಾಯಿಲೆ. ವೈರ್ ಜೋಡಿಸುವ ಕಪ್ಲರಿನಲ್ಲಿ ನೀರು, ಸಡಿಲವಾದ ಬ್ಯಾಟರಿ ಟರ್ಮಿನಲ್, ಹಸಿರುಗಟ್ಟಿದ ಅರ್ಥಿಂಗ್ ವೈರ್, ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಸೇರಿಕೊಂಡು ವೈರ್ ಕಡಿಯುವ ಇಲಿ. ಎಂಜಿನ್ ಚಾಲೂ ಇಟ್ಟು ವೈರಿಂಗ್ ಗೊಂಚಲನ್ನು ಒಂದೊಂದೇ ಕಡೆ ಮೆಲ್ಲಗೆ ಅಲ್ಲಾಡಿಸುತ್ತಾ ಹೋದರೆ ಎಲ್ಲಿ ತಡವರಿಸುತ್ತದೋ ಅಲ್ಲೇ ತಪ್ಪು. ಫ್ಯಾನು, ಬೆಲ್ಟಿನಿಂದ ಮಾತ್ರ ಕೈ ದೂರ ಇರಲಿ.

ಸ್ಕ್ಯಾನರ್ ಹಚ್ಚಿದಾಗ ಕಾಣುವುದು

ಕಾರಿನಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಒಬಿಡಿ ಪೋರ್ಟ್ ಅನ್ನುತ್ತಾರೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಕಂಪನಿ ಯಾವುದೇ ಇರಲಿ, ಸಾಕೆಟ್ ಒಂದೇ, ಕೋಡಿನ ಭಾಷೆಯೂ ಬಹುಪಾಲು ಒಂದೇ ಇರುವುದು ಆ ನಿಯಮದಿಂದ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಚಿಕ್ಕ ಸ್ಕ್ಯಾನರ್ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಮೂಲ ಕೋಡ್ ಓದಲು ಅಷ್ಟು ಸಾಕು.

ಕೋಡ್ ಅಂದರೆ ಒಂದು ಅಕ್ಷರ, ಮುಂದೆ ನಾಲ್ಕು ಅಂಕಿ. ‘ಪಿ’ ಅಂದರೆ ಎಂಜಿನ್-ಗೇರ್ ಬಾಕ್ಸ್ ಕಡೆಯದ್ದು. ಅದರ ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದ್ದೇ ಅರ್ಥ. ಮೂರನೇ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ-ಇಂಧನದ ವಿಷಯ, 3 ಇದ್ದರೆ ಕಿಡಿ ಮತ್ತು ಮಿಸ್ಸಿಂಗ್, 4 ಇದ್ದರೆ ಹೊಗೆ, 5 ಇದ್ದರೆ ಐಡ್ಲಿಂಗ್ ಮತ್ತು ವೇಗ.

ಬಂದ್ ಬೀಳುವ ಗಾಡಿಯಲ್ಲಿ ಮತ್ತೆ ಮತ್ತೆ ಸಿಗುವ ಕೆಲವು ಇವು. ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್ (ವಾಲ್ವ್ ತೆರೆಯುವ ಶಾಫ್ಟಿನ ಸೆನ್ಸರ್) ಸರ್ಕ್ಯೂಟ್. ಪಿ0300 ಅಂದರೆ ಮಿಸ್ಸಿಂಗ್ ಒಂದೇ ಸಿಲಿಂಡರಿನಲ್ಲಿಲ್ಲ, ಪಿ0301 ಅಂದರೆ ಮೊದಲ ಸಿಲಿಂಡರಿನಲ್ಲಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪಿ0506 ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕೆಳಗಿದೆ. ಪಿ0087 ಹೆಚ್ಚಾಗಿ ಡೀಸೆಲ್ ಗಾಡಿಗಳಲ್ಲಿ ಕಾಣುತ್ತದೆ, ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ ಅಂತ. ಈ ರೈಲು ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ದಪ್ಪ ಪೈಪು, ಅದರಲ್ಲಿ ಒತ್ತಡ 1,600 ಬಾರ್ ದಾಟುವುದುಂಟು. ಸ್ಟಾರ್ಟ್ ಆಗಿರುವಾಗ ಆ ಪೈಪುಗಳನ್ನು ಯಾರೂ ಬಿಚ್ಚಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಕೋಡಿನ ಜೊತೆಗೆ ಇನ್ನೊಂದು ಮಾಹಿತಿ ಉಳಿದಿರುತ್ತದೆ. ಬಹಳಷ್ಟು ಗ್ಯಾರೇಜಿನವರು ಅದನ್ನು ತೆರೆಯುವುದೇ ಇಲ್ಲ. ಫ್ರೀಜ್ ಫ್ರೇಮ್ ಅಂತ ಹೆಸರು. ತಪ್ಪು ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅಂತ ಕಂಪ್ಯೂಟರ್ ಬರೆದಿಟ್ಟ ಲೆಕ್ಕ. ವೇಗ ಸೊನ್ನೆ, ಎಂಜಿನ್ 94 ಡಿಗ್ರಿ, ಆರ್‌ಪಿಎಂ 620 ಅಂತ ಇದ್ದರೆ ಗಾಡಿ ಕಾದು, ಸಿಗ್ನಲ್‌ನಲ್ಲಿ ನಿಂತು, ಐಡ್ಲಿಂಗ್ ಕುಸಿದಾಗ ತಪ್ಪು ಸಿಕ್ಕಿದೆ ಎಂದು ಅರ್ಥ. ಟಿಪ್ಪರಿಗೆ ಹೆದರಿ ಮುಳ್ಳು ನೋಡದ ಕಾಕಾನ ಬದಲು ಕಂಪ್ಯೂಟರ್ ನೋಡಿಟ್ಟಿರುತ್ತದೆ.

ಕೋಡ್ ಬಂದ ಪಾರ್ಟನ್ನೇ ಬದಲಿಸಬೇಕಾ?

ಮನೆ ಮುಂದೆ ನಾಯಿ ಬೊಗಳಿದರೆ ಗೇಟಿನ ಹತ್ತಿರ ಏನೋ ಇದೆ ಅಂತ ತಿಳಿಯುತ್ತದೆ. ಬಂದವರು ಯಾರು ಅಂತ ಎದ್ದು ಹೋಗಿ ನೋಡಬೇಕು. ಕೋಡ್ ಬಂತು ಅಂತ ಕೂಡಲೇ ಸೆನ್ಸರ್ ಬದಲಿಸುವುದು ನಾಯಿಯನ್ನೇ ಬದಲಿಸಿದ ಹಾಗೆ.

ಪಿ0171 ತೆಗೆದುಕೊಳ್ಳಿ. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ‘ಗಾಳಿ ಜಾಸ್ತಿ ಇದೆ’ ಅಂದದ್ದಕ್ಕೆ ಈ ಕೋಡ್ ಬಂದಿದೆ. ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿರಬಹುದು. ಗಾಳಿ ಎಲ್ಲಿಂದ ಬಂತು ಅನ್ನುವುದು ಪ್ರಶ್ನೆ. ಇದನ್ನು ಬಿಡಿಸಲು ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿ ನೋಡಬೇಕು. ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಜಾಸ್ತಿ ಅಥವಾ ಕಮ್ಮಿ ಬಿಡುತ್ತಿದ್ದೇನೆ ಅಂತ ಕಂಪ್ಯೂಟರ್ ಹೇಳುವ ಅಂಕಿ ಅದು. ಆಚೀಚೆ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗಿನಲ್ಲಿ 20ಕ್ಕೆ ಏರಿ, 2,500 ಆರ್‌ಪಿಎಂಗೆ ಹೋದಾಗ ಇಳಿದರೆ ಎಲ್ಲೋ ಪೈಪು ಸೀಳಿದೆ, ಗಾಳಿ ನುಗ್ಗುತ್ತಿದೆ. ಐಡ್ಲಿಂಗಿನಲ್ಲಿ ಸರಿಯಿದ್ದು ಜೋರು ಓಡಿಸಿದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪ್ ಕಡೆ ನೋಡಬೇಕು. ಕೋಡ್ ಒಂದೇ, ರಿಪೇರಿ ಎರಡು.

ಪಿ0335 ಕೂಡ ಹಾಗೇ. ಅದು ಹೇಳುವುದು ಸೆನ್ಸರ್ ಅಂತ ಅಲ್ಲ, ಸೆನ್ಸರಿನ ಸರ್ಕ್ಯೂಟ್ ಅಂತ. ಸೆನ್ಸರ್ ಸರಿಯಿದ್ದು ಕಪ್ಲರಿನಲ್ಲಿ ಎಣ್ಣೆ ಇಳಿದಿರಬಹುದು, ವೈರ್ ಒಳಗೇ ಮುರಿದಿರಬಹುದು, ಸೆನ್ಸರ್ ಎದುರಿನ ಹಲ್ಲು ಚಕ್ರಕ್ಕೆ ಕಬ್ಬಿಣದ ಚೂರು ಅಂಟಿರಬಹುದು. ಮಲ್ಟಿಮೀಟರ್ ಹಿಡಿದು ಐದು ನಿಮಿಷ ನೋಡಿದರೆ ಗೊತ್ತಾಗುವ ವಿಷಯ. ಗ್ಯಾರೇಜಿನಲ್ಲಿ ಜಗಳ ಮಾಡಬೇಕಿಲ್ಲ. ‘ವೈರಿಂಗ್ ಚೆಕ್ ಮಾಡೀರೇನ್ರಿ?’ ಅಂತ ಮೆಲ್ಲಗೆ ಕೇಳಿದರೆ ಸಾಕು.

ಅದೇ ಮೀಟರಿನಲ್ಲಿ ಬ್ಯಾಟರಿಯನ್ನೂ ನೋಡಿಸಿ. ಎಂಜಿನ್ ಬಂದ್ ಇದ್ದಾಗ 12.6 ವೋಲ್ಟ್ ಹತ್ತಿರ, ಚಾಲೂ ಇದ್ದಾಗ ಸುಮಾರು 13.8ರಿಂದ 14.5 ಇರಬೇಕು. ವೋಲ್ಟೇಜ್ ಕುಸಿದರೆ ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರುತ್ತವೆ. ನಾಲ್ಕೈದು ಸೆನ್ಸರ್ ಒಂದೇ ದಿನ ಹಾಳಾಗುವುದು ಅಪರೂಪ. ಅಂಥ ಪಟ್ಟಿ ಕಂಡರೆ ಮೊದಲು ಬ್ಯಾಟರಿ, ಡೈನಮೋ, ಅರ್ಥಿಂಗ್.

ಕೋಡೇ ಬರದಿದ್ದರೆ

ಇದೂ ಆಗುತ್ತದೆ. ಹೆಚ್ಚಿನ ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರ್ ಇರುವುದಿಲ್ಲ. ಪಂಪ್ ಸೋತರೂ ಕಂಪ್ಯೂಟರಿಗೆ ನೇರವಾಗಿ ತಿಳಿಯುವುದಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ‘ಜುಂಯ್’ ಅನ್ನುವ ಸದ್ದು ಬರಬೇಕು, ಅದು ಪಂಪ್. ಬಂದ್ ಬಿದ್ದ ಜಾಗದಲ್ಲೇ ಕಿಟಕಿ ಏರಿಸಿ ಕಿವಿಗೊಟ್ಟು ನೋಡಿ. ಸದ್ದಿಲ್ಲ ಅಂದರೆ ಪಂಪ್, ಅದರ ರಿಲೇ, ಫ್ಯೂಸ್. ಸದ್ದು ಬಂದ ಮಾತ್ರಕ್ಕೆ ಪಂಪ್ ಪೂರ್ತಿ ಸರಿ ಅಂತಲೂ ಅಲ್ಲ, ಗೇಜ್ ಹಾಕಿಯೇ ಒತ್ತಡ ನೋಡಬೇಕು.

ಬೈಕು, ಸ್ಕೂಟರ್

ತತ್ವ ಅದೇ, ಸೆನ್ಸರ್ ಕಮ್ಮಿ. ಸಾಕೆಟ್ ಸಾಮಾನ್ಯವಾಗಿ ಸೀಟಿನ ಕೆಳಗೆ, ಕಾರಿನದಕ್ಕಿಂತ ಚಿಕ್ಕದು. ಕೆಲವು ಬೈಕುಗಳಲ್ಲಿ ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿ ಮ್ಯಾನ್ಯುವಲ್ ನೋಡಿದರೆ ಕೋಡ್ ಸಿಗುತ್ತದೆ. ಬೈಕು ನಡುವೆ ಬಂದ್ ಬಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ಮರೆಯಬೇಡಿ. ಕೆಸರು ಕೂತರೆ ಸ್ಟ್ಯಾಂಡ್ ಕೆಳಗೇ ಇದೆ ಅಂತ ತಿಳಿದು ಎಂಜಿನ್ ನಿಲ್ಲಿಸುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನ ದಾರಿಯಲ್ಲಿ ಓಡುವ ಬೈಕಿಗೆ ಇದು ಹೊಸದಲ್ಲ. ನೀರು ಹಾಕಿ ತೊಳೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಕೋಡ್ ಅಳಿಸುವ ಮುಂಚೆ

ಕೆಲವರು ಬ್ಯಾಟರಿ ವೈರ್ ಬಿಚ್ಚಿ ಜೋಡಿಸಿ ದೀಪ ಆರಿಸುತ್ತಾರೆ. ದೀಪ ಆರಿರುತ್ತದೆ, ತಪ್ಪು ಅಲ್ಲೇ ಇರುತ್ತದೆ. ಜೊತೆಗೆ ಎಷ್ಟೋ ಸಲ ಫ್ರೀಜ್ ಫ್ರೇಮೂ ಅಳಿದುಹೋಗುತ್ತದೆ. ಆಮೇಲೆ ನೋಡುವವರಿಗೆ ಏನೂ ಸಿಗುವುದಿಲ್ಲ. ಅಳಿಸುವ ಮುಂಚೆ ಸ್ಕ್ಯಾನರ್ ಪರದೆಯ ಫೋಟೋ ತೆಗೆದುಕೊಳ್ಳಿ.

ರಿಪೇರಿ ಆದ ಮೇಲೆ ಗಾಡಿಯನ್ನು ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಬಂದ್ ಬೀಳುತ್ತಿತ್ತೋ ಅದೇ ಸ್ಥಿತಿಗೆ ತಂದು ಓಡಿಸಿ ನೋಡಬೇಕು. ಕಾದ ಮೇಲೆ ನಿಲ್ಲುತ್ತಿದ್ದ ಎಂಜಿನ್ನನ್ನು ಗ್ಯಾರೇಜ್ ಮುಂದೆ ಎರಡು ನಿಮಿಷ ಚಾಲೂ ಇಟ್ಟು ‘ಆತ್ರೀ’ ಅಂದರೆ ಒಪ್ಪಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ, ಸಿಗ್ನಲ್‌ಗಳಿರುವ ದಾರಿಯಲ್ಲಿ, ಮಿಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಬನ್ನಿ. ಕೋಡನ್ನು ಅಳಿಸದೇ ಬಿಟ್ಟರೂ, ತಪ್ಪು ನಿಜಕ್ಕೂ ಸರಿಯಾಗಿದ್ದರೆ ಸಾಮಾನ್ಯವಾಗಿ ಸತತ ಮೂರು ಓಡಾಟಗಳ ನಂತರ ದೀಪ ತಾನೇ ಆರುತ್ತದೆ. ನೆನಪಿನಲ್ಲಿ ಉಳಿದ ಹಳೆಯ ಕೋಡ್ ಎಂಜಿನ್ ಸುಮಾರು 40 ಸಲ ತಣ್ಣಗಾಗಿ ಕಾದ ಮೇಲೆ ಅಳಿದುಹೋಗುತ್ತದೆ.